ಆಟವು ವೃತ್ತಿಯಾದ ಕಾಲ

ಉಡುಪಿಯಿಂದ ಉತ್ತರಕ್ಕೆ ಹೊರಟು, ಕುಂದಾಪುರವನ್ನು ದಾಟಿ, ಎಡಕ್ಕೆ ಅರಬ್ಬೀ ಸಮುದ್ರವನ್ನೂ ಬಲಕ್ಕೆ ಸೌಪರ್ಣಿಕಾ ನದಿಯನ್ನೂ ಇರಿಸಿಕೊಂಡು ಸಾಗುವ ಮರವಂತೆಯ ದಾರಿಯ ಸೊಬಗನ್ನು ಕಂಡು ಬೆರಗಾದವರು ಅನೇಕರಿದ್ದಾರೆ. ಆದರೆ ಆ ನದಿಯ ಮಗ್ಗುಲಲ್ಲಿ ತೆಂಗಿನ ತೋಟಗಳ ನಡುವೆ ಹುದುಗಿರುವ ಪಡುಕೋಣೆಯೆಂಬ ಚಿಕ್ಕ ಗ್ರಾಮದ ಹೆಸರು ಲಂಡನ್, ಕೋಪನ್‌ಹೇಗನ್, ಜಕಾರ್ತ, ಕೌಲಾಲಂಪುರಗಳ ಕ್ರೀಡಾಭಿಮಾನಿಗಳ ನಾಲಗೆಯ ಮೇಲೆ ಒಂದು ಕಾಲದಲ್ಲಿ ನಲಿದಾಡುತ್ತಿದ್ದಿತೆಂಬುದನ್ನು ನೆನೆಯುವವರು ವಿರಳ. ಈ ಕರಾವಳಿಯ ಚಿತ್ರಾಪುರ ಸಾರಸ್ವತ ಸಮಾಜದವರಲ್ಲಿ ತಮ್ಮ ಹಿರಿಯರ ಊರನ್ನೇ ಮನೆತನದ ಹೆಸರನ್ನಾಗಿ ಧರಿಸುವ ಸಂಪ್ರದಾಯವುಂಟು. ಕಾಪುವಿಗೆ ಹೋಗುವ ದಾರಿಯ ಉದ್ಯಾವರ, ಕಾರ್ಕಳ ಸೀಮೆಯ ಮುಂಡ್ಕೂರು, ಉಡುಪಿಗೆ ಸಮೀಪದ ಕಲ್ಯಾಣಪುರ, ಬ್ರಹ್ಮಾವರದ ಬದಿಯ ಬೆನೆಗಲ್ ಎಂಬೀ ಊರುಗಳೆಲ್ಲ ಹೀಗೆ ಮನುಷ್ಯರ ಹೆಸರುಗಳಿಗೆ ಅಂಟಿಕೊಂಡು ಮುಂಬಯಿ, ಬೆಂಗಳೂರು, ಮದರಾಸುಗಳಿಗೆ ಪಯಣಿಸಿದವು. ವಿದ್ಯೆಯನ್ನೂ ಉದ್ಯೋಗವನ್ನೂ ಅರಸಿಕೊಂಡು ಘಟ್ಟ ಹತ್ತಿದ ಅಂಥ ಕುಟುಂಬಗಳ ಪೈಕಿ ಪಡುಕೋಣೆಯವರು ಚಲಚ್ಚಿತ್ರ ಪ್ರಪಂಚಕ್ಕೆ ಗುರುದತ್ತನನ್ನಿತ್ತರು, ಕ್ರೀಡಾಪ್ರಪಂಚಕ್ಕೆ ಪ್ರಕಾಶನನ್ನಿತ್ತರು. ಪ್ರಸ್ತುತ ಲೇಖನವು ಎರಡನೆಯವರ ವೃತ್ತಾಂತವನ್ನೂ, ಅವರ ಜೀವನದ ನಟ್ಟನಡುವೆ ಸಂಭವಿಸಿದ ಒಂದು ದೊಡ್ಡ ಪರಿವರ್ತನೆಯನ್ನೂ, ಎಂದರೆ ಆಟವು ವಿನೋದದ ಪದವಿಯನ್ನು ಬಿಟ್ಟು ವೃತ್ತಿಯ ಪದವಿಯನ್ನೇರಿದ ಬಗೆಯನ್ನೂ ಕುರಿತದ್ದು.

ಪ್ರಕಾಶರು ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿ ಬಹುಕಾಲ ದುಡಿದವರು. ಮಗನ ಕೈಗೆ ರ್‍ಯಾಕೆಟನ್ನು ಕೊಟ್ಟವರೂ ಅವರೇ. ಆ ದಿನಗಳ ಬೆಂಗಳೂರಿನಲ್ಲಿ ಈ ಆಟಕ್ಕೆಂದೇ ಕಟ್ಟಿದ ಒಳಾಂಗಣವು ಹುಡುಗರಿಗೆ ದೊರೆಯುವಂತಿರಲಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ ಮದುವೆ ಮುಂಜಿಗಳು ನಡೆಯುತ್ತಿದ್ದವು. ಅವು ಇಲ್ಲದ ದಿನ ಅದೇ ಸಭಾಂಗಣದ ನೆಲವು ಬ್ಯಾಡ್ಮಿಂಟನ್ ಅಂಕಣವಾಗುತ್ತಿದ್ದಿತು. ಶಾಲೆ ಬಿಟ್ಟೊಡನೆ ಹುಡುಗರು ಇಂದು ಸಮಾರಂಭವೇನಾದರೂ ಇದೆಯೋ ಎಂದು ನೋಡುವರು. ಇಲ್ಲವೆಂದಾದರೆ ಓಡೋಡಿ ಬಂದು ಮನದಣಿಯೆ ಆಡುವರು. ಇದ್ದಿತೆಂದರೆ ಮರುದಿನಕ್ಕಾಗಿ ಕಾಯುವರು. ಸೌಕರ್ಯದ ಅಭಾವವನ್ನು ಅಭಾವವೆಂದೇ ಎಣಿಸದ ಬಾಲ್ಯವದು. 1962ರಲ್ಲಿ, ಏಳು ವರ್ಷದ ಪ್ರಾಯದಲ್ಲಿ, ರಾಜ್ಯದ ಕಿರಿಯರ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲಿಯೇ ಸೋತ ಬಾಲಕ ಎರಡು ವರ್ಷಗಳ ತರುವಾಯ ಅದೇ ಪ್ರಶಸ್ತಿಯನ್ನು ಗೆದ್ದು ತಂದನು.

ಈ ಹುಡುಗನ ಮುಂದೆ ಆಗ ಯಾವ ಭವಿಷ್ಯವಿದ್ದಿತು? ಅವನಿಗಿಂತ ಹಿಂದಿನವರ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. 1870ರ ದಶಕದಲ್ಲಿ ಪುಣೆಯ ದಂಡುಪ್ರದೇಶದಲ್ಲಿ ಆಂಗ್ಲ ಅಧಿಕಾರಿಗಳು ನಿಯಮಗಳನ್ನು ರಚಿಸಿಕೊಂಡು ಆಡಿದ ಈ ಆಟವು ಭಾರತೀಯರಿಗೆ ಪರಕೀಯವಾಗಿರಲಿಲ್ಲ. ಲಾಹೋರಿನ ಪ್ರಕಾಶನಾಥರು 1947ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮ ಸುತ್ತನ್ನು ತಲಪಿ ಸೋತರು. ಅದೇ ವರ್ಷದ ದೇಶವಿಭಜನೆಯ ಕ್ಷೋಭೆಯಲ್ಲಿ ನೆಲೆ ತಪ್ಪಿ, ರ್‍ಯಾಕೆಟನ್ನು ಕೆಳಗಿಟ್ಟು ವ್ಯಾಪಾರಕ್ಕೆ ತೊಡಗಿದರು. ನಂದು ನಾಟೇಕರರು ಮೊದಲು ಟೆನ್ನಿಸ್ ಆಡುತ್ತಿದ್ದು, ರಾಷ್ಟ್ರೀಯ ಕಿರಿಯರ ಸ್ಪರ್ಧೆಯಲ್ಲಿ ರಾಮನಾಥನ್ ಕೃಷ್ಣನ್ನರಿಗೆ ಸೋತ ಬಳಿಕ ಬ್ಯಾಡ್ಮಿಂಟನ್ನಿಗೆ ಹೊರಳಿ, 1956ರಲ್ಲಿ ಕೌಲಾಲಂಪುರದಲ್ಲಿ ಗೆದ್ದು, ವಿದೇಶದ ನೆಲದಲ್ಲಿ ಈ ಆಟದ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರೆನಿಸಿದರು. ದಿನೇಶ ಖನ್ನಾರು 1965ರಲ್ಲಿ ಏಷ್ಯಾ ಖಂಡಕ್ಕೇ ಶ್ರೇಷ್ಠರಾದರು. ಈ ಮೂವರೂ ಪ್ರತಿಭೆಯಲ್ಲಿ ಯಾರಿಗೂ ಬಿಟ್ಟುಕೊಡತಕ್ಕವರಲ್ಲ. ಆದರೂ ಆಟವು ಅವರಿಗೆ ಕೀರ್ತಿಯನ್ನು ಕೊಟ್ಟಿತೇ ಹೊರತು ಅನ್ನವನ್ನು ಕೊಡಲಿಲ್ಲ. ಒಳ್ಳೆಯ ಆಟಗಾರನಿಗೆ ನಮ್ಮ ದೇಶ ನೀಡಬಲ್ಲ ಪರಮ ಪುರಸ್ಕಾರವೆಂದರೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಒಂದು ಕುರ್ಚಿ. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ, ಎರಡೂ ಉಡುಪಿಯಲ್ಲಿಯೇ ಹುಟ್ಟಿದವಾದ್ದರಿಂದ, ಬ್ಯಾಂಕಿನ ಕುರ್ಚಿಯ ಬೆಲೆಯನ್ನು ನಮ್ಮ ಜಿಲ್ಲೆಯವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇದು ಕೇವಲ ಭಾರತದ ಬಡತನದ ಫಲವಾಗಿರಲಿಲ್ಲವೆಂಬುದನ್ನು ಇಲ್ಲಿ ತುಸು ವಿಸ್ತರಿಸಿಯೇ ಹೇಳಬೇಕು. ಆಟಕ್ಕಾಗಿ ಹಣ ಪಡೆಯುವುದು ಹೀನವೆಂಬ ಭಾವನೆಯು ಆಂಗ್ಲ ಕುಲೀನರ ಕ್ಲಬ್ಬುಗಳಲ್ಲಿ ಜನ್ಮತಾಳಿ, ಅಲ್ಲಿಂದ ಜಗತ್ತಿನಾದ್ಯಂತ ಕಾನೂನಾಗಿ ಹಬ್ಬಿದ್ದಿತು. ಅದರ ಕಾಠಿಣ್ಯವನ್ನು ಫ್ರಾನ್ಸಿನ ಸುಜಾನ್ ಲಾಂಗ್ಲೆನ್‌ಳಷ್ಟು ತೀವ್ರವಾಗಿ ಅನುಭವಿಸಿದವರು ವಿರಳ. 1919ರಿಂದ 1925ರವರೆಗಿನ ಅವಧಿಯಲ್ಲಿ ವಿಂಬಲ್ಡನ್ನಿನ ಮಹಿಳಾ ಪ್ರಶಸ್ತಿಯನ್ನು ಆರು ಬಾರಿ ಗೆದ್ದ ಈ ಅಪ್ರತಿಮ ಆಟಗಾರ್ತಿಯ ಆಟವನ್ನು ನೋಡಲು ಜನ ಟಿಕೆಟ್ಟಿಗಾಗಿ ಮುಗಿಬೀಳುತ್ತಿದ್ದರು. ಆ ಟಿಕೆಟ್ಟಿನ ಹಣ ಕ್ಲಬ್ಬುಗಳ ಬೊಕ್ಕಸಕ್ಕೆ ಸೇರುತ್ತಿದ್ದಿತು. ಅವಳಿಗೆ ಮಾತ್ರ ಬಿಡಿಗಾಸಿಲ್ಲ. 1926ರಲ್ಲಿ ಅವಳು ಅಮೆರಿಕದ ಸಂಘಟಕ ಪೈಲ್ ಎಂಬಾತನೊಡನೆ ಕರಾರು ಮಾಡಿಕೊಂಡು, ಹಣಕ್ಕಾಗಿ ಆಡುವ ಪ್ರವಾಸಕ್ಕೆ ಹೊರಟಾಗ, ನಿನ್ನೆಯವರೆಗೆ ಅವಳನ್ನು ಹಾಡಿ ಹೊಗಳಿದ ಅಧಿಕಾರಸ್ಥರು ಬಾಗಿಲು ಹಾಕಿಕೊಂಡರು. ಅವಳ ದೇಶಬಾಂಧವ, ಫ್ರಾನ್ಸಿಗೆ ಡೇವಿಸ್ ಕಪ್ ಗೆದ್ದುಕೊಟ್ಟ ನಾಲ್ವರಲ್ಲೊಬ್ಬನಾದ ಆಂರಿ ಕೋಶೆಯೂ 1933ರಲ್ಲಿ ಅದೇ ಹಾದಿ ಹಿಡಿದು ಅದೇ ಬಹಿಷ್ಕಾರಕ್ಕೆ ಒಳಗಾದನು. ನಮ್ಮ ರಾಮನಾಥನ್ ಕೃಷ್ಣನ್ನರಿಗೆ ಕ್ರೇಮರ್ ಎಂಬ ಅಮೆರಿಕನ್ನನಿಂದ ಇಂಥ ಆಹ್ವಾನ ಬಂದಾಗ ಅವರು ಒಪ್ಪಲಿಲ್ಲ. ದೇಶದ ಪರವಾಗಿ ಆಡುವ ಗೌರವವನ್ನು ಕಳೆದುಕೊಳ್ಳಲು ಅವರ ಮನಸ್ಸು ಸಮ್ಮತಿಸಲಿಲ್ಲ. ಆಟಗಾರನ ಮುಂದೆ ಅನ್ನವನ್ನೂ ಧ್ವಜವನ್ನೂ ಎದುರುಬದುರಾಗಿ ಇರಿಸಿ ಒಂದನ್ನು ಆರಿಸಿಕೋ ಎಂದ ಆ ಕಾನೂನು ನನ್ನ ದೃಷ್ಟಿಯಲ್ಲಿ ಅಧರ್ಮವೇ ಸರಿ. ಪಿತ್ರಾರ್ಜಿತ ಆಸ್ತಿಯುಳ್ಳವನಿಗೆ ಅದು ಸದ್ಗುಣದ ಅಲಂಕಾರ, ಇಲ್ಲದವನಿಗೆ ಕಾಲಿನ ಸಂಕೋಲೆ. ಟೆನ್ನಿಸ್ ಕ್ರೀಡೆ ಈ ಸಂಕೋಲೆಯನ್ನು ಕಳಚಿಕೊಂಡದ್ದು 1968ರಲ್ಲಿ. ಆ ವರ್ಷದ ಮೇ ತಿಂಗಳ ಮುಷ್ಕರಗಳಿಂದ ಪ್ಯಾರಿಸ್ ತಲ್ಲಣಿಸುತ್ತಿದ್ದಾಗಲೇ ಅಲ್ಲಿಯ ರೋಲಾಂ ಗಾರೋಸ್ ಅಂಕಣಗಳಲ್ಲಿ, ವೃತ್ತಿಪರರನ್ನೂ ಹವ್ಯಾಸಿಗಳನ್ನೂ ಭೇದವಿಲ್ಲದೆ ಕರೆದ ಮೊದಲ ಮಹಾಪಂದ್ಯಾವಳಿ ನಡೆಯಿತು. ಬ್ಯಾಡ್ಮಿಂಟನ್ ಇನ್ನೂ ಹತ್ತು ವರ್ಷಗಳ ಮೇಲೆ ಕಾಯಬೇಕಾಯಿತು.

ಈ ಕಾಯುವಿಕೆಯ ಅವಧಿಯಲ್ಲಿಯೇ ಪ್ರಕಾಶರು ಬೆಳೆದು ದೊಡ್ಡವರಾದರು. ಇಂಡೊನೇಷ್ಯದ ರೂಡಿ ಹಾರ್ಟೊನೊ ಅವರ ಆರಾಧ್ಯ ಪುರುಷ. ಅವನ ವೇಗವೂ ಆಕ್ರಮಣವೂ ಮಲ್ಲೇಶ್ವರದ ತರುಣನ ಮನಸ್ಸಿನಲ್ಲಿ ಅಚ್ಚೊತ್ತಿದವು. ಅದುವರೆಗಿನ ರಕ್ಷಣಪ್ರಧಾನವಾದ ಆಟವನ್ನು ಬಿಟ್ಟು, ಪ್ರಹಾರಕ್ಕೆ ಮನಮಾಡಿ, ಒಂದೇ ಋತುವಿನಲ್ಲಿ ರಾಷ್ಟ್ರದ ಕಿರಿಯರ ಪಟ್ಟವನ್ನೂ ಹಿರಿಯರ ಪಟ್ಟವನ್ನೂ ಧರಿಸಿದಾಗ ಅವರಿಗೆ ಹದಿನೇಳು ತುಂಬಿರಲಿಲ್ಲ. 1972ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಮುಂದೆ 1979ರವರೆಗೆ ಸತತವಾಗಿ ಒಂಬತ್ತು ಬಾರಿ ಅವರು ಭಾರತದ ಅಗ್ರಗಣ್ಯ. ಎದುರಾಳಿಗಳು ಎರಡನೆಯ ಸ್ಥಾನಕ್ಕಾಗಿ ತಮ್ಮತಮ್ಮೊಳಗೆ ಸೆಣಸುತ್ತಿದ್ದರೆಂದರೆ ಅತಿಶಯೋಕ್ತಿಯಾಗದು. 1978ರಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಸುವರ್ಣಪದಕವೂ ಅವರದಾಯಿತು. 1979ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜಗತ್ತಿನ ಶ್ರೇಷ್ಠರನ್ನು ಕರೆಸಿ ನಡೆಸಿದ ಸ್ಪರ್ಧೆಯಲ್ಲಿ ಅವರು ಗೆದ್ದಾಗ ಯುರೋಪಿನ ಪ್ರೇಕ್ಷಕರು ಈ ಮಿತಭಾಷಿಯ ಹೆಸರನ್ನು ಉಚ್ಚರಿಸಲು ಕಲಿಯತೊಡಗಿದರು. ಬ್ಯಾಡ್ಮಿಂಟನ್ನಿನ ಅಂತರರಾಷ್ಟ್ರೀಯ ಮಂಡಲಿಯು ಬಹುಮಾನದ ಹಣಕ್ಕೆ ಅನುಮತಿಯಿತ್ತದ್ದೂ ಆ ಸುಮಾರಿಗೇ. ಯುಗ ಹೊರಳುವ ಹೊತ್ತಿಗೆ ಸರಿಯಾಗಿ ಮನುಷ್ಯನೂ ಸಿದ್ಧನಾಗಿದ್ದನು.

1980ರ ವಸಂತ ಋತುವಿನಲ್ಲಿ ಅವರು ಡೆನ್ಮಾರ್ಕಿನ ಪಂದ್ಯಾವಳಿಯನ್ನು ಗೆದ್ದರು, ಸ್ವೀಡನ್ನಿನದನ್ನೂ ಗೆದ್ದರು, ಆ ಬಳಿಕ ಲಂಡನ್ನಿಗೆ ಬಂದರು. 1899ರಿಂದ ನಡೆದುಬಂದ ಆಲ್ ಇಂಗ್ಲೆಂಡ್ ಪಂದ್ಯಾವಳಿಗೆ ಆಗ ವಿಶ್ವಕಿರೀಟದಷ್ಟೇ ಮಾನ್ಯತೆ. ಉಪಾಂತ್ಯದಲ್ಲಿ ಡೆನ್ಮಾರ್ಕಿನ ಮಾರ್ಟೆನ್ ಫ್ರಾಸ್ಟನನ್ನು ಹಿಂದಿಕ್ಕಿ, ಮಾರ್ಚ್ 23ರಂದು ವೆಂಬ್ಲಿಯ ಅಂಕಣದಲ್ಲಿ ಅವರು ಎದುರಿಸಿದ್ದು ಹಿಂದಿನ ಎರಡು ವರ್ಷಗಳ ವಿಜೇತನಾದ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್‌ನನ್ನು. ನೆಲಬಿಟ್ಟು ಮೇಲಕ್ಕೆ ನೆಗೆದು, ಗಾಳಿಯಲ್ಲಿರುವಾಗಲೇ ಷಟಲನ್ನು ಕೆಳಮುಖವಾಗಿ ಬಡಿಯುವ ಅವನ ಹೊಡೆತಕ್ಕೆ ಜಗತ್ತಿನಲ್ಲಿ ಪ್ರತ್ಯುತ್ತರವೇ ಇಲ್ಲವೆಂದು ಜನ ನಂಬಿದ್ದರು. ಪ್ರಕಾಶರು ಪ್ರತ್ಯುತ್ತರವನ್ನು ಹುಡುಕಲಿಲ್ಲ. ಆ ಪ್ರಶ್ನೆಯೇ ಏಳದಂತೆ ಮಾಡಿದರು. ಷಟಲ್ ಎತ್ತರಕ್ಕೆ ಹೋದರೆ ತಾನೆ ಕಿಂಗ್ ನೆಗೆಯುವುದು? ಅದನ್ನು ಬಲೆಯ ಪಟ್ಟಿಗೆ ಸವರಿದಂತೆ ತಗ್ಗಿನಲ್ಲಿ ದಾಟಿಸಿದರು. ಬಡಿಯುವಂತೆ ತೋಳೆತ್ತಿ ಮಣಿಕಟ್ಟಿನ ಕೊನೆಯ ಚಲನೆಯಲ್ಲಿ ಬಲವನ್ನು ಹಿಂತೆಗೆದು ಬಲೆಯ ಬುಡದಲ್ಲಿ ಉದುರಿಸಿದರು. ಎದುರಾಳಿ ಮುಂದಕ್ಕೆ ಧಾವಿಸಿ ಬಂದೊಡನೆ ಅದೇ ತೋಳಿನ ಅದೇ ಭಂಗಿಯಿಂದ ಅವನ ತಲೆಯ ಮೇಲೆ ಹಿಂಗೆರೆಯ ಮೂಲೆಗೆ ಕಳುಹಿದರು. ವೇಗದ ಆಟಗಾರನಿಗೆ ವೇಗವನ್ನೇ ನಿರಾಕರಿಸಿದ ಈ ತಂತ್ರದ ಮುಂದೆ ಮೊದಲ ಆಟ 15-3ರಲ್ಲಿ ಮುಗಿದುಹೋಯಿತು. ಎರಡನೆಯದರಲ್ಲಿ ಕಿಂಗ್ ಚೇತರಿಸಿಕೊಂಡನಾದರೂ 15-10ರ ಆಚೆಗೆ ಅದನ್ನು ಒಯ್ಯಲಾರದಾದನು. ಆಲ್ ಇಂಗ್ಲೆಂಡ್ ಪ್ರಶಸ್ತಿ ಮೊತ್ತಮೊದಲು ಭಾರತೀಯನೊಬ್ಬನ ಕೈಸೇರಿತು. ಕರಾವಳಿಗೆ ದೂರದರ್ಶನವಿನ್ನೂ ಬಂದಿರದ ಕಾಲ. ಆಕಾಶವಾಣಿಯ ವಾರ್ತೆಯೂ, ಮಣಿಪಾಲದಿಂದ ಹತ್ತು ವರ್ಷಗಳಿಂದ ಹೊರಡುತ್ತಿದ್ದ ‘ಉದಯವಾಣಿ’ಯಂಥ ಪತ್ರಿಕೆಗಳೂ ಇಲ್ಲಿಯವರಿಗೆ ವೆಂಬ್ಲಿಯ ಕಿಟಕಿಗಳಾಗಿದ್ದವು.

ನಮ್ಮ ಕಡೆಯಲ್ಲಿ ಈ ಆಟದ ಮರ್ಮವನ್ನು ಬಲ್ಲವರು ಪ್ರಕಾಶರ ಆ ಕೌಶಲವನ್ನು ಬೇರೆಯವರಿಗಿಂತ ಚೆನ್ನಾಗಿ ಗ್ರಹಿಸಬಲ್ಲರೆಂದು ನಾನು ನಂಬುತ್ತೇನೆ. ಮಳೆಗಾಲ ತೀರಿ ಅಂಗಳಗಳು ಒಣಗಿದ ಮೇಲೆ, ಕಾಪುವಿನಿಂದ ಕಾರ್ಕಳದವರೆಗೂ ಯುವಕ ಮಂಡಲಗಳು ಹೊನಲು ಬೆಳಕಿನ ಷಟಲ್ ಪಂದ್ಯಾಟಗಳನ್ನೇರ್ಪಡಿಸುವುದುಂಟು. ನೆಲವನ್ನು ಸಮತಟ್ಟು ಮಾಡಿ, ಸುಣ್ಣದ ಗೆರೆಯೆಳೆದು, ಕಂಬಗಳಿಗೆ ದೀಪ ಕಟ್ಟಿ, ಧ್ವನಿವರ್ಧಕದಲ್ಲಿ ತಂಡಗಳ ಹೆಸರನ್ನು ಕೂಗುತ್ತ ನಡುರಾತ್ರಿ ಮೀರಿಯೂ ಆಡುವರು. ಕಾಪುವಿನ ದೀಪಸ್ತಂಭದ ಆಸುಪಾಸಿನಲ್ಲಿ ಆಡುವವನಿಗೆ ಕಡಲಿನ ಗಾಳಿಯೇ ಐದನೆಯ ಆಟಗಾರ. ಐದು ಗ್ರಾಮಿನ ಆಜುಬಾಜಿನ ತೂಕದ ಷಟಲ್ ಆ ಗಾಳಿಗೆ ಸಿಕ್ಕಿ ಗೆರೆಯಿಂದ ಮೊಳದುದ್ದ ಆಚೆಗೆ ಬೀಳುವುದನ್ನು ಕಂಡವನೇ ಗೆರೆಯ ಒಳಗೆ ಮೊಳ ಬಿಟ್ಟು ಹೊಡೆಯಲು ಕಲಿಯುವನು; ಗಾಳಿಗೆ ಎದುರಾಗಿ ಬಡಿಯುವ ಬದಲು ಅದರ ಬೆನ್ನಿಗೆ ಏರಿಸಿ ಕಳುಹುವನು. ದೊಡ್ಡ ಒಳಾಂಗಣಗಳಲ್ಲಿಯೂ ಇಂಥ ಗಾಳಿಯ ಸೆಳೆತ ಇದ್ದೇ ಇರುತ್ತದೆ. ಅದನ್ನು ಅಳೆದು ತನ್ನ ಕಡೆಗೆ ತಿರುಗಿಸಿಕೊಳ್ಳುವ ವಿವೇಕದಲ್ಲಿ ಪ್ರಕಾಶರಿಗೆ ಸಮಾನರು ಆ ಕಾಲದಲ್ಲಿ ಹೆಚ್ಚು ಮಂದಿ ಇರಲಿಲ್ಲ.

ಇಷ್ಟು ಹೇಳಿಯೂ, ಮಾರ್ಚ್ 23ರ ಜಯಕ್ಕಿಂತ ಅನಂತರ ಅವರು ಕೈಗೊಂಡ ನಿರ್ಧಾರವೇ ಹಿರಿದಾದದ್ದೆಂಬುದು ನನ್ನ ಅಭಿಪ್ರಾಯ. ಜಗತ್ತಿನ ಪ್ರಥಮ ಸ್ಥಾನವನ್ನಲಂಕರಿಸಿದ ಇಪ್ಪತ್ತೈದರ ತರುಣ ತಾಯ್ನೆಲದಲ್ಲಿ ಸನ್ಮಾನಗಳನ್ನು ಸ್ವೀಕರಿಸುತ್ತ, ರಾಷ್ಟ್ರೀಯ ಪಟ್ಟಗಳನ್ನು ಕೂಡಿಸುತ್ತ ಸುಖವಾಗಿರಬಹುದಾಗಿದ್ದಿತು. ಅವರು ಕೋಪನ್‌ಹೇಗನ್ನಿಗೆ ಹೊರಟರು. ಅಲ್ಲಿಯ ವಿಡೊವ್ರೆ ಕ್ಲಬ್ಬಿನ ಆಟಗಾರನಾಗಿ, ಆಟವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡರು. ಕಾರಣ ಸ್ಪಷ್ಟವಾಗಿದ್ದಿತು: ಸಮಬಲರೊಡನೆ ದಿನವೂ ಆಡದವನು ಶಿಖರದ ಮೇಲೆ ಬಹುಕಾಲ ನಿಲ್ಲಲಾರನು, ಭಾರತದಲ್ಲಿ ಅಂಥ ಸಮಬಲರಿರಲಿಲ್ಲ. ಡೆನ್ಮಾರ್ಕಿನಲ್ಲಾದರೋ ಫ್ರಾಸ್ಟನಂಥ ಪ್ರತಿಸ್ಪರ್ಧಿಯೇ ಅಭ್ಯಾಸದ ಜೊತೆಗಾರನಾಗಿ, ಗೆಳೆಯನಾಗಿ ದೊರೆತನು. ಕ್ಲಬ್ಬುಗಳ ಲೀಗ್ ಪಂದ್ಯಗಳಿಗೆ ಊರಿಗೆ ಊರೇ ನೆರೆಯುವ ಆ ಚಿಕ್ಕ ದೇಶದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಆಟವನ್ನೇ ಉಸಿರಾಡುವ ಒಂದು ಕ್ರಮಬದ್ಧ ಜೀವನವನ್ನು ಅವರು ಕಂಡರು. ವರ್ಷದ ಮುಕ್ಕಾಲು ಪಾಲು ಚಳಿಯಲ್ಲಿ ಮುದುಡಿರುವ ನಾಡು; ತನ್ನ ಮಾತನ್ನಾಡುವವರಿಲ್ಲ, ತನ್ನ ಊಟವಿಲ್ಲ. ಘಟ್ಟ ಹತ್ತಿದ ಹಿರಿಯರು ಬೆಂಗಳೂರಿನಲ್ಲಿ ಕೆನರಾ ಯೂನಿಯನ್ನನ್ನು ಕಟ್ಟಿಕೊಂಡಿದ್ದರು. ಈತನಿಗೆ ಕೋಪನ್‌ಹೇಗನ್ನಿನಲ್ಲಿ ಅಂಥದೊಂದೂ ಇರಲಿಲ್ಲ. ಲಾಂಗ್ಲೆನ್‌ಳಿಗೂ ಕೋಶೆಗೂ ತೆರೆಯದ ಬಾಗಿಲು ತನ್ನ ಪಾಲಿಗೆ ತೆರೆದಿರುವಾಗ ಒಳಗೆ ಕಾಲಿಡುವ ಎದೆಗಾರಿಕೆಯನ್ನು ಅವರು ತೋರಿದರು. ಬ್ಯಾಡ್ಮಿಂಟನ್ನಿನಿಂದಲೇ ಬದುಕುವೆನೆಂದು ಹೀಗೆ ಸಾಗರದಾಚೆಗೆ ಮನೆ ಹೂಡಿದ ಭಾರತೀಯ ಅವರಿಗಿಂತ ಮೊದಲು ಇರಲಿಲ್ಲ.

ಇತ್ತ ತಾಯ್ನಾಡಿನಲ್ಲಿ 1980ರ ರಾಷ್ಟ್ರೀಯ ಪಟ್ಟವನ್ನು ತರುಣ ಸೈಯದ್ ಮೋದಿಯವರು ಪ್ರಕಾಶರನ್ನೇ ಸೋಲಿಸಿ ಪಡೆದರು. 1981ರ ಆಲ್ ಇಂಗ್ಲೆಂಡ್ ಅಂತ್ಯಪಂದ್ಯದಲ್ಲಿ ಕಿಂಗ್ ಹಿಂದಿನ ವರ್ಷದ ಋಣವನ್ನು ತೀರಿಸಿಕೊಂಡನು. ಮೊದಲ ಆಟವನ್ನು ಗೆದ್ದೂ ಪ್ರಕಾಶರು ಉಳಿದೆರಡನ್ನು ಬಿಟ್ಟುಕೊಟ್ಟರು. ಆದರೆ ಅದೇ ವರ್ಷ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ನಿನ ಎರಡು ಪಂಗಡಗಳು ಒಂದುಗೂಡಿ, ಅದುವರೆಗೆ ಹೊರಗಿದ್ದ ಚೀನದ ಆಟಗಾರರು ಎಲ್ಲರೊಡನೆ ಸ್ಪರ್ಧಿಸತೊಡಗಿದ ಸಂದರ್ಭದಲ್ಲಿ, ಕೌಲಾಲಂಪುರದ ಪ್ರಪ್ರಥಮ ವಿಶ್ವಕಪ್ಪಿನ ಅಂತಿಮದಲ್ಲಿ ಅವರು ಚೀನದ ಹಾನ್ ಜಿಯಾನನನ್ನು 15-0, 18-16ರಿಂದ ಸೋಲಿಸಿದರು. ಆ ಮೊದಲ ಆಟದ ಸೊನ್ನೆಯನ್ನು ನೋಡಿದರೆ, ಡೆನ್ಮಾರ್ಕಿನ ದುಡಿಮೆ ವ್ಯರ್ಥವಾಗಲಿಲ್ಲವೆಂದು ಯಾರಿಗಾದರೂ ಮನವರಿಕೆಯಾದೀತು. 1982ರಲ್ಲಿ ಪದ್ಮಶ್ರೀ, 1983ರಲ್ಲಿ, ತಾವು ನೆಲೆಸಿದ್ದ ಕೋಪನ್‌ಹೇಗನ್ನಿನಲ್ಲಿಯೇ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಚಿನ ಪದಕ. ಹಿರಿಯ ಮಗಳು ದೀಪಿಕಾ 1986ರ ಜನವರಿಯಲ್ಲಿ ಹುಟ್ಟಿದ್ದೂ ಅಲ್ಲಿಯೇ. ಅನಂತರ ಕುಟುಂಬ ಬೆಂಗಳೂರಿಗೆ ಮರಳಿತು. 1991ರಲ್ಲಿ ಅವರು ಸ್ಪರ್ಧೆಗಳಿಂದ ನಿವೃತ್ತರಾದರು.

ಅವರ ವೃತ್ತಿಯ ಉತ್ತರಾರ್ಧ ಮೊದಲಾದದ್ದು ಆ ಮೇಲೆಯೇ. ಕೋಪನ್‌ಹೇಗನ್ನಿನಲ್ಲಿ ಕಂಡ ಕ್ರಮವನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಬೇಕೆಂಬ ಸಂಕಲ್ಪದಿಂದ, ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರರ ಸಹಯೋಗದಲ್ಲಿ, 1994ರಲ್ಲಿ ತಮ್ಮ ಹೆಸರಿನ ಅಕಾಡೆಮಿಯನ್ನು ತೆರೆದರು. ಸಮಬಲರನ್ನು ಅರಸಿ ಪ್ರತಿಭಾವಂತನು ದೇಶ ಬಿಡುವ ಬದಲು, ಸಮಬಲರೆಲ್ಲರನ್ನೂ ಒಂದೇ ಸೂರಿನಡಿ ಕೂಡಿಸಿ ದಿನವೂ ಒಬ್ಬರನ್ನೊಬ್ಬರು ಉಜ್ಜುವಂತೆ ಮಾಡುವುದೇ ಅದರ ಮೂಲತತ್ತ್ವ. ಪುಲ್ಲೇಲ ಗೋಪೀಚಂದರು ಅಲ್ಲಿ ಪಳಗಿ, 2001ರಲ್ಲಿ ಚೀನದ ಚೆನ್ ಹಾಂಗನನ್ನು ಮಣಿಸಿ ಆಲ್ ಇಂಗ್ಲೆಂಡ್ ಗೆದ್ದರು. ಇಪ್ಪತ್ತೊಂದು ವರ್ಷಗಳ ಬಳಿಕ ಆ ಪ್ರಶಸ್ತಿ ಮತ್ತೆ ಭಾರತಕ್ಕೆ ಬಂದಿತು. ಅದೇ ವರ್ಷ ಬಿಲಿಯರ್ಡ್ಸ್ ಆಟಗಾರ ಗೀತ್ ಸೇಠಿಯವರೊಡನೆ ಸೇರಿ ಪ್ರಕಾಶರು ಸ್ಥಾಪಿಸಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಸಂಸ್ಥೆಯು ದಾನಿಗಳಿಂದ ಹಣ ಕೂಡಿಸಿ, ತರಬೇತಿಗೂ ಪ್ರಯಾಣಕ್ಕೂ ಗತಿಯಿಲ್ಲದ ಕ್ರೀಡಾಪಟುಗಳ ಬೆನ್ನಿಗೆ ನಿಂತಿದೆ. ಆಟದಿಂದ ಅನ್ನ ಹುಟ್ಟದ ಕಾಲವನ್ನು ಕಣ್ಣಾರೆ ಕಂಡವರಿಗೆ ಅದು ಸಹಜವಾದ ಕಾರ್ಯ.

ಅಲ್ಮೋಡಾದ ಬೆಟ್ಟಗಳಿಂದ ಬಾಲ್ಯದಲ್ಲಿಯೇ ಈ ಅಕಾಡೆಮಿಗೆ ಬಂದು ಬೆಳೆದ ಲಕ್ಷ್ಯ ಸೇನ್ 2022ರಲ್ಲಿ ಆಲ್ ಇಂಗ್ಲೆಂಡ್ ಅಂತ್ಯಪಂದ್ಯವನ್ನಾಡಿದರು. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಪುರುಷರ ಸಿಂಗಲ್ಸ್ ಉಪಾಂತ್ಯವನ್ನು ತಲಪಿ, ಅಲ್ಲಿಗೆ ಮುಟ್ಟಿದ ಮೊದಲ ಭಾರತೀಯರೆನಿಸಿದಾಗ, ಅಂಕಣದ ಬದಿಯ ಮಾರ್ಗದರ್ಶಕರ ಆಸನದಲ್ಲಿ ಕುಳಿತಿದ್ದವರು ಅರುವತ್ತೊಂಬತ್ತರ ಪ್ರಕಾಶರು. ಉಪಾಂತ್ಯದಲ್ಲಿ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸನ್ನನಿಗೂ, ಕಂಚಿನ ಪದಕದ ಪಂದ್ಯದಲ್ಲಿ ಮಲೇಷ್ಯದ ಲೀ ಝೀ ಜಿಯಾಗೂ ಲಕ್ಷ್ಯ ಸೋತರು. ಆ ಸೋಲಿನ ಬಳಿಕ ಪತ್ರಕರ್ತರೆದುರು ಪ್ರಕಾಶರು ಸಾಂತ್ವನದ ಮಾತುಗಳನ್ನಾಡಲಿಲ್ಲ. ಸರಕಾರವೂ ಸಂಸ್ಥೆಗಳೂ ತಮ್ಮಿಂದಾದುದನ್ನೆಲ್ಲ ಒದಗಿಸಿವೆ, ಇನ್ನು ಗೆಲುವಿನ ಹೊಣೆಯನ್ನು ಆಟಗಾರರೇ ಹೊರಬೇಕೆಂದು ನೇರವಾಗಿ ನುಡಿದರು. ಕೆಲವರಿಗೆ ಅದು ಕಠೋರವೆನಿಸಿತು. ಹೊತ್ತಲ್ಲದ ಹೊತ್ತಿನಲ್ಲಿ ಆಡಿದ ಮಾತೆಂದು ಆಕ್ಷೇಪಗಳೂ ಬಂದವು. ಸೌಲಭ್ಯವೆಂಬುದೇ ಇಲ್ಲದಾಗ ಗೆದ್ದವರು ಸೌಲಭ್ಯವುಳ್ಳವರಿಂದ ಅಷ್ಟನ್ನು ಅಪೇಕ್ಷಿಸುವುದು ನ್ಯಾಯವೆಂದೇ ನನಗೆ ತೋರುತ್ತದೆ.